ತಾಮ್ರದ ಬಿಲ್ಲೆಯನ್ನು ಕಾಯ್ದ ಹಾಳೆ

ಮದುವೆ ಆಲ್ಬಮ್ ಮಾಡಿಕೊಡುವ ಚಂಪಕ್ಕನ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಕಾದು ಕೆಂಡವಾಗಿತ್ತು. ಅದರ ತಲೆಯ ಮೇಲೆ ಬಿಸಿ ಹೀರಲೆಂದು ಹೊಸ ತಾಮ್ರದ ಬಿಲ್ಲೆ, ಬಿಲ್ಲೆಯ ಮೇಲೆ ಕೊಳವೆಯಲ್ಲಿ ಹರಿಯುವ ತಣ್ಣೀರು. ಆದರೂ ಕಂಪ್ಯೂಟರ್ ಮತ್ತೆ ಮತ್ತೆ ಆರಿಹೋಗುತ್ತಿತ್ತು.

"ಇನ್ನೊಮ್ಮೆ ಆರಿದರೆ ಈ ಪ್ರೊಸೆಸರನ್ನೇ ಕಿತ್ತೆಸೆಯುತ್ತೇನೆ" ಎಂದಳು ಚಂಪಕ್ಕ.

ಪ್ರೊಸೆಸರ್ ಬಿಲ್ಲೆಯನ್ನು ದೂರಿತು: "ಬಿಲ್ಲೆಯಣ್ಣ, ನೀರು ಹೊತ್ತುಕೊಂಡೂ ನನ್ನನ್ನು ಸುಡಲು ಬಿಟ್ಟೆಯಲ್ಲ!"

"ನಿನ್ನ ಬಿಸಿ ನನ್ನವರೆಗೆ ಬಂದರೆ ತಾನೇ, ತಮ್ಮಾ?"

ಇಬ್ಬರ ನಡುವೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಹಾಳೆ ಗತ್ತಿನಿಂದ ನುಡಿಯಿತು: "ಬರಲು ಬಿಡಲು ನಾನೇನು ಮರುಳೇ? ಬಿಲ್ಲೆಗೆ ಒಂದು ಗೀರೂ ಬೀಳದಂತೆ ಕಾರ್ಖಾನೆಯಿಂದ ಕಾಯ್ದು ತಂದಿದ್ದೇನೆ."

"ಬಂದು ಸೇರಿದ್ದಾಯಿತಲ್ಲ, ಇನ್ನು ಯಾರಿಂದ ಕಾಯುತ್ತೀಯೆ?" ಎಂದಿತು ಪ್ರೊಸೆಸರ್.

"ನಿನ್ನಿಂದಲೇ!"

ಅಷ್ಟರಲ್ಲಿ ಕಂಪ್ಯೂಟರ್ ಆರಿತು. ಚಂಪಕ್ಕ ಸ್ಕ್ರೂ ಬಿಚ್ಚಿ ಬಿಲ್ಲೆಯನ್ನೆತ್ತಿದಳು. ಹಾಳೆ ಕಂಡು ಹಣೆ ಚಚ್ಚಿಕೊಂಡಳು. "ಅಯ್ಯೋ, ಹೊಸದಲ್ವಾ, ಇರಲಿ ಅಂತ ನಾನೇ ಬಿಟ್ಟಿದ್ದೆ!"

ಹಾಳೆ ಕಿತ್ತು, ಬಿಸಿ ದಾಟಿಸುವ ಪೇಸ್ಟ್ ಹಚ್ಚಿ, ಬಿಲ್ಲೆ ಕೂರಿಸಿದಳು. ಪ್ರೊಸೆಸರ್ ತಣ್ಣಗಾಯಿತು, ಆಲ್ಬಮ್ಮೂ ಮುಗಿಯಿತು. ಆಮೇಲೆ ಚಂಪಕ್ಕ ಎದ್ದು, ಹೋದ ವರ್ಷ ಕೊಂಡ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿದುಹಾಕಿ, ಮೊದಲ ಸಲ ಬೆನ್ನು ಬೆವರದಂತೆ ಒರಗಿ ಕೂತಳು.