ನೋವಿನಲ್ಲೂ ಬೆಕ್ಕು ಗುರಗುರ ಎನ್ನುವುದೇಕೆ

ಈ ಕಥೆ ನನಗೆ ಮೊದಲು ಹೇಳಿದವರು ನಮ್ಮಪ್ಪನ ಅಕ್ಕ, ಚಂಪಕತ್ತೆ. ಮಕ್ಕಳ ಕಥೆ ಅಂತ ಅದರ ಕೊನೆಗೆ ಸಕ್ಕರೆ ಉದುರಿಸುವ ಅಭ್ಯಾಸ ಅವರಿಗಿರಲಿಲ್ಲ. "ಎಲ್ಲರೂ ಸುಖವಾಗಿದ್ರು ಅನ್ನೋ ಕಥೆ ಬೇಕಾದ್ರೆ ನಿಮ್ಮಮ್ಮನ್ನ ಕೇಳು. ನನ್ನ ಹತ್ರ ಇರೋದು ಇದೇ," ಅಂದಿದ್ದರು. ಈಗ ನನ್ನ ಹತ್ತಿರ ಇರುವುದೂ ಅದೇ. ಕೇಳು.

ಆಗ ಭೂಮಿ ಇನ್ನೂ ಹೊಸದು. ಬೆಟ್ಟಗಳ ಮೈ ಒಣಗಿರಲಿಲ್ಲ. ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ತಿಳಿಯದೆ ಹೊಳೆ ದಿನಕ್ಕೊಂದು ದಾರಿ ಹಿಡಿಯುತ್ತಿತ್ತು. ನಾಯಿ, ಬೆಕ್ಕು, ಗಾಳಿ, ಗರಿಕೆ ಎಲ್ಲಕ್ಕೂ ಮಾತು ಬರುತ್ತಿತ್ತು. ಮಾತು ಬರುತ್ತಿದ್ದ ಮೇಲೆ ಕೇಳಬೇಕೆ, ಜಗಳವೂ ಬೇಕಾದಷ್ಟಿತ್ತು.

ಆ ಕಾಲದಲ್ಲಿ ಜ್ವರ ಒಬ್ಬಳು ಮುದುಕಿ. ಎಲ್ಲರೂ ಅವಳನ್ನು ಜ್ವರಜ್ಜಿ ಅನ್ನುತ್ತಿದ್ದರು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಮಾತ್ರ ಮೊರದಗಲ. ಕೆಟ್ಟವಳೇನಲ್ಲ. ಅವಳಿಗೆ ಯಾವಾಗಲೂ ಚಳಿ, ಅಷ್ಟೇ. ಯಾರಾದರೂ ನರಳಿದ ಸದ್ದು ಕೇಳಿದರೆ ಆ ಕಡೆ ತಡವರಿಸುತ್ತಾ ಬರುತ್ತಿದ್ದಳು, ಅವರ ಎದೆಯ ಮೇಲೆ ಕೂತು ಮೈ ಕಾಯಿಸಿಕೊಳ್ಳುತ್ತಿದ್ದಳು. ಅವಳು ಎದ್ದು ಹೋಗುವ ಹೊತ್ತಿಗೆ ಕೆಳಗಿನ ಮೈ ತಣ್ಣಗಾಗಿರುತ್ತಿತ್ತು.

ಆದರೆ ನರಳಿದರೆ ಬರುತ್ತಿದ್ದವಳು ಅವಳೊಬ್ಬಳೇ ಅಲ್ಲ. ಹೊಸ ಭೂಮಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ನರಳಿಕೆ ಕಿವಿಗೆ ಬಿದ್ದರೂ ಎದ್ದು ಹೋಗಬೇಕು, ಕೈಲಾದದ್ದು ಕೊಡಬೇಕು. ಗಾಳಿ ಸುದ್ದಿ ಒಯ್ಯುತ್ತಿತ್ತು. ಹೊಳೆ ನೀರು ತರುತ್ತಿತ್ತು. ಮೋಟ ಅನ್ನುವ ಬಾಲವಿಲ್ಲದ ನಾಯಿ ಮುಳ್ಳು ಹೊಕ್ಕ ಜಾಗ ಮೂಸಿ ಹುಡುಕಿ, ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದುಹಾಕುತ್ತಿದ್ದ. ಜ್ವರಜ್ಜಿ ಮೊದಲು ಬಂದರೆ ಸಾವು, ಇವರು ಮೊದಲು ಬಂದರೆ ಬದುಕು.

ಮೋಟ ಈ ಪದ್ಧತಿಯನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತಿದ್ದ. ಒಂದು ಇರುವೆ ಕಚ್ಚಿದರೂ ಕಾಡಿಗೆ ಕಾಡೇ ಕೇಳಬೇಕು, ಹಾಗೆ ಕುಂಯ್‌ಗುಡುತ್ತಿದ್ದ. ಹೊಳೆ ಏದುಸಿರು ಬಿಡುತ್ತಾ ಬಂದು, "ಎಲ್ಲೋ ಗಾಯ?" ಅಂದರೆ, "ಈಗ ಸರಿಹೋಯ್ತು ಕಣಕ್ಕ, ನೀನು ಬಂದ್ಯಲ್ಲ," ಅನ್ನುತ್ತಿದ್ದ. ಹೊಳೆ ಬೈದುಕೊಂಡು ವಾಪಸು ಹೋಗುತ್ತಿತ್ತು. ಆದರೂ ಮುಂದಿನ ಸಲ ಕರೆದರೆ ಬರುತ್ತಿತ್ತು.

ಕೆಂಚಿ ಅನ್ನುವ ಬೆಕ್ಕಿಗೆ ಇದೆಲ್ಲ ಸೇರುತ್ತಿರಲಿಲ್ಲ. "ನಾಚಿಕೆ ಇಲ್ಲದ್ದು," ಅಂತ ಮೋಟನ ಕಡೆ ನೋಡಿ ಮೂತಿ ತಿರುಗಿಸುತ್ತಿದ್ದಳು. ಕೆಂಚಿಗೆ ಮೂರು ಮರಿಗಳು, ಒಂದು ಹಳೇ ಮರದ ಪೊಟರೆ, ಮತ್ತು ತಾನು ಯಾರ ಹಂಗಿನಲ್ಲೂ ಇಲ್ಲ ಅನ್ನುವ ಹೆಮ್ಮೆ.

ಒಂದು ಮಳೆಗಾಲದಲ್ಲಿ ಎರಡು ಮರಿಗಳಿಗೆ ಮೈ ಸರಿಯಿಲ್ಲದಾಯಿತು. ಎರಡೂ ನರಳಿದವು. ಅವತ್ತು ಗಾಳಿ ಬೆಟ್ಟದ ಆಚೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಸುದ್ದಿ ಹೊಳೆಗೆ ಮುಟ್ಟುವಷ್ಟರಲ್ಲಿ ಜ್ವರಜ್ಜಿ ಬಂದು ಕೂತು, ಎದ್ದು ಹೋಗಿಯೂ ಆಗಿತ್ತು.

"ನರಳಿದ್ದಕ್ಕೇ ಅವಳು ಬಂದಿದ್ದು," ಅಂದಳು ಕೆಂಚಿ.

"ನರಳಿದ್ದಕ್ಕೇ ನಾನೂ ಬಂದೆ," ಅಂತು ಹೊಳೆ.

"ಬಂದೆ. ಎಲ್ಲ ಮುಗಿದ ಮೇಲೆ ಬಂದೆ. ನಿನ್ನ ನೀರು ನೀನೇ ಇಟ್ಕೋ."

ಹೊಳೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಕೆಂಚಿ ಉಳಿದ ಒಂದೇ ಮರಿಯನ್ನು, ಚುಕ್ಕನನ್ನು, ಕತ್ತು ಹಿಡಿದು ಎತ್ತಿಕೊಂಡು ಪೊಟರೆಯೊಳಗೆ ಹೋದಳು. ಹೋಗುವಾಗಲೇ ತೀರ್ಮಾನ ಮಾಡಿದ್ದಳು, ಇದು ನರಳಕೂಡದು.

ಮರಿ ಹಾಲು ಕುಡಿಯುವಾಗ ಸುಖಕ್ಕೆ ಗಂಟಲಲ್ಲಿ ಗುರಗುರ ಅಂತ ಒಂದು ಹಾಡು ಬರುತ್ತದಲ್ಲ, ಕೆಂಚಿ ಅದನ್ನೇ ಹಿಡಿದಳು. "ನೋಡು ಚುಕ್ಕ, ಹೊಟ್ಟೆ ನೋವಾದ್ರೂ ಇದೇ ಹಾಡು, ಕಾಲು ನೋವಾದ್ರೂ ಇದೇ ಹಾಡು. ಬಾಯಿ ಬಿಡಕೂಡದು. ಎಲ್ಲಿ, ಹಾಡು."

ಚುಕ್ಕ ಹಾಡಿದ.

ಸ್ವಲ್ಪ ದಿನಕ್ಕೆ ಚುಕ್ಕನಿಗೆ ನೆಗಡಿಯಾಯಿತು. ಚುಕ್ಕ ಸೀನಿದ ಸದ್ದಿಗೆ ಜ್ವರಜ್ಜಿ ಪೊಟರೆಯ ಬಾಯಿಗೆ ಬಂದು ಕಿವಿಗೊಟ್ಟಳು. ಒಳಗಿನಿಂದ ಗುರಗುರ, ಗುರಗುರ. "ಇಲ್ಲಿ ಎಲ್ಲರೂ ಸುಖವಾಗಿದ್ದಾರೆ," ಅಂದುಕೊಂಡು ಮುದುಕಿ ಚಳಿಗೆ ನಡುಗುತ್ತಾ ಬೇರೆ ಕಡೆ ಹೋದಳು. ನೆಗಡಿ ತಾನಾಗಿ ವಾಸಿಯಾಯಿತು.

ಕೆಂಚಿ ಗೆದ್ದಿದ್ದಳು. ಗೆದ್ದವರು ಸುಮ್ಮನಿರುತ್ತಾರೆಯೇ? ಮರುದಿನದಿಂದಲೇ ಬಂಡೆಯ ಮೇಲೆ ಪಾಠ ಶುರುವಾಯಿತು. ಹೊಸ ಭೂಮಿಯ ಬೆಕ್ಕುಗಳೆಲ್ಲ ಸಾಲಾಗಿ ಕೂತು, ನೋವನ್ನು ನುಂಗಿ ಗುರಗುರ ಅನ್ನುವುದನ್ನು ಕಲಿತವು. ಸರಿಯಾಗಿ ಬಾರದವರನ್ನು ಕೆಂಚಿ ಬೈಯುತ್ತಿದ್ದಳು. "ಇದೇನು ಗುರಗುರಾನೋ ನರಳಾಟಾನೋ? ಮುಖ ಸಡಿಲ ಬಿಡು. ಕಣ್ಣು ಅರ್ಧ ಮುಚ್ಚು. ಹಾಂ, ಹಾಗೆ."

ಮೋಟ ದೂರದಲ್ಲಿ ಕೂತು ನೋಡಿದ. "ಅಕ್ಕಾ, ಎಲ್ಲರಿಗೂ ಹೀಗೆ ಕಲಿಸಿಬಿಟ್ರೆ, ನಿಜವಾಗಿ ನೋವಾದಾಗ ನಮಗೆ ಹೆಂಗೆ ಗೊತ್ತಾಗ್ಬೇಕು?"

"ನಿನಗ್ಯಾಕೆ ಗೊತ್ತಾಗ್ಬೇಕು? ಇರುವೆ ಕಚ್ಚಿದ್ರೆ ಅಳೋನು, ನೀನು ಬಂದ್ಬಿಟ್ಟೆ ಬುದ್ಧಿ ಹೇಳಕ್ಕೆ."

ಮೋಟ ಕಿವಿ ಜೋತುಬಿಟ್ಟುಕೊಂಡು ಹೋದ.

ಒಂದು ದಿನ, ತಾಯಿ ಪಾಠಕ್ಕೆ ಹೋಗಿದ್ದಾಗ, ಚುಕ್ಕ ಓತಿಕ್ಯಾತದ ಹಿಂದೆ ಜಾಲಿಮರ ಹತ್ತಿದ. ಕೆಳಗೆ ಹಾರುವಾಗ ತೊಡೆಗೆ ಮುಳ್ಳು ಹೊಕ್ಕು ಅಲ್ಲೇ ಮುರಿಯಿತು. ಕೂದಲು ಅದನ್ನು ಮುಚ್ಚಿತು. ಹೊರಗೆ ಒಂದು ಹನಿ ರಕ್ತವೂ ಕಾಣಲಿಲ್ಲ. ಚುಕ್ಕ ಬಾಯಿ ತೆರೆದ, ನೆನಪಾಯಿತು, ಮುಚ್ಚಿದ. ಕುಂಟುತ್ತಾ ಪೊಟರೆಯ ಒಳಗೆ, ತೀರಾ ಒಳಗೆ ಹೋಗಿ, ನೋವಿನ ಮಗ್ಗುಲು ಕೆಳಗೆ ಮಾಡಿ ಮಲಗಿದ.

ಕೆಂಚಿ ಬಂದಾಗ ಒಳಗಿನಿಂದ ಗುರಗುರ ಕೇಳಿಸಿತು. ಅವಳ ಎದೆ ತಂಪಾಯಿತು. ತಂದ ಇಲಿಯನ್ನು ಮುಂದಿಟ್ಟಳು. ಚುಕ್ಕ ಮುಟ್ಟಲಿಲ್ಲ.

"ಯಾಕೋ?"

"ಹಸಿವಿಲ್ಲಮ್ಮ."

"ಎಲ್ಲೋ ಕದ್ದು ತಿಂದಿರ್ಬೇಕು, ಕಳ್ಳ," ಅಂದು ಕೆಂಚಿ ಇಲಿಯನ್ನು ತಾನೇ ತಿಂದಳು.

ಮರುದಿನವೂ ಚುಕ್ಕ ತಿನ್ನಲಿಲ್ಲ. ಮೈ ನೆಕ್ಕಿಕೊಳ್ಳಲಿಲ್ಲ, ಕೂದಲು ಎದ್ದು ಮುದ್ದೆಯಾಗಿತ್ತು. ಆದರೆ ಹಾಡು ಮಾತ್ರ ನಿಲ್ಲಲಿಲ್ಲ. ಕೆಂಚಿ ಪಾಠಕ್ಕೆ ಹೊರಟಾಗ ಹಿಂದಿನಿಂದ ಸಣ್ಣ ದನಿ ಬಂತು.

"ಅಮ್ಮಾ, ನಾನು ನರಳಲೇ ಇಲ್ಲ."

"ಜಾಣಮರಿ," ಅಂದು ಕೆಂಚಿ ಹೊರಟುಹೋದಳು. ನರಳಬೇಕು ಅನ್ನಿಸಿದ್ದಾದರೂ ಯಾಕೆ ಅಂತ ಅವಳು ಕೇಳಬೇಕಿತ್ತು. ಕೇಳಲಿಲ್ಲ.

ಮುಳ್ಳಿದ್ದ ಜಾಗ ಒಳಗೊಳಗೇ ಕೀವಾಯಿತು. ಜ್ವರಜ್ಜಿಗೆ ಕಿವಿ ಮಾತ್ರ ಅಂತ ಎಲ್ಲರೂ ತಿಳಿದಿದ್ದರು. ಹಾಗಲ್ಲ, ಕೊಳೆತ ಗಾಯ ಅವಳಿಗೆ ತೆರೆದ ಬಾಗಿಲು. ಅವಳು ತಡವರಿಸದೆ ನೇರ ಒಳಗೆ ಬಂದು ಚುಕ್ಕನ ಎದೆಯ ಮೇಲೆ ಕೂತಳು.

"ಒಳ್ಳೆ ಹಾಡು," ಅಂದಳು. "ಹೋದ ಸಲ ಹೊರಗೆ ನಿಂತು ಕೇಳಿದ್ದೆ. ಹಾಡು ಮಗಾ."

ಚುಕ್ಕ ಹಾಡಿದ. ಅಮ್ಮ ಹೇಳಿಕೊಟ್ಟಿದ್ದಳಲ್ಲ, ಹಾಡಿದರೆ ಅಜ್ಜಿ ಎದ್ದು ಹೋಗುತ್ತಾಳೆ ಅಂತ.

ಸಂಜೆ ಕೆಂಚಿ ಮನೆಗೆ ಬರುವಾಗ ಪೊಟರೆಯ ಮುಂದೆ ಮೋಟ ನಿಂತಿದ್ದ. ಮೂಗು ಮೇಲೆತ್ತಿ ಮೂಸುತ್ತಿದ್ದ.

"ಅಕ್ಕಾ, ಒಳಗೆ ಏನೋ ಸರಿ ಇಲ್ಲ. ಕೀವಿನ ವಾಸನೆ. ನನ್ನ ಒಳಗೆ ಬಿಡು. ಮುಳ್ಳಿದ್ರೆ ಕಿತ್ತುಹಾಕ್ತೀನಿ."

"ನಿನ್ನ ಮೂಗಿಗೆ ಕೇಡು ಬಂದಿರ್ಬೇಕು," ಅಂದು ಕೆಂಚಿ ನಕ್ಕಳು. "ಕೇಳಿಸ್ಕೋ. ನನ್ನ ಮಗ ಎಷ್ಟು ಸುಖವಾಗಿ ಹಾಡ್ತಾ ಇದ್ದಾನೆ. ಕೇಳಿಸ್ತಾ?"

ಇಬ್ಬರೂ ಕಿವಿಗೊಟ್ಟರು. ಗುರಗುರ, ಗುರಗುರ. ಗುರ.

ಆಮೇಲೆ ಏನೂ ಕೇಳಿಸಲಿಲ್ಲ.

ಕೆಂಚಿಯನ್ನು ದಾಟಿಕೊಂಡು ಬೆಚ್ಚಗಾದ ಮುದುಕಿಯೊಬ್ಬಳು ಹೊರಗೆ ಹೋದಳು.

ಕೆಂಚಿ ಒಳಗೆ ನುಗ್ಗಿ ಮಗನ ಮೈಯನ್ನು ತಲೆಯಿಂದ ಬಾಲದವರೆಗೆ ನೆಕ್ಕಿದಳು. ಆಗ ನಾಲಿಗೆಗೆ ತೊಡೆಯ ಬಾವು ತಾಗಿತು, ಅದರ ನಡುವೆ ಮುಳ್ಳಿನ ಮೊನೆ ತಾಗಿತು. ತಾನು ಹೇಳಿಕೊಟ್ಟ ಸುಳ್ಳನ್ನು ತಾನೇ ನಂಬಿದ್ದಳು. ಅವಳು ನರಳಲೆಂದು ಬಾಯಿ ತೆರೆದಳು. ಗಂಟಲಿನಿಂದ ಬಂದದ್ದು ಗುರಗುರ.

ಬಂಡೆಯ ಮೇಲಿದ್ದ ಬೆಕ್ಕುಗಳಿಗೆ ಇನ್ನು ಹಾಡಬೇಡಿ ಅಂದಳು. ಅವಕ್ಕೂ ಬಿಡಲು ಬರಲಿಲ್ಲ. ಅವುಗಳ ಮರಿಗಳು ಆ ಪಾಠವನ್ನು ಹಾಲಿನ ಜೊತೆ ಕುಡಿದಾಗಿತ್ತು.

ಮೋಟನಿಗೆ ದುಃಖ ತಡೆಯಲಾಗಲಿಲ್ಲ. ಅವನೇ ಕೆಂಚಿಯನ್ನು ಹೊನ್ನಿಯ ಹತ್ತಿರ ಕರೆದುಕೊಂಡು ಹೋದ. ಹೊನ್ನಿ ಅಂದರೆ ಮೊದಲ ಒಲೆ ಹಚ್ಚಿದ ಹೆಂಗಸು. ಮೋಟ ಆಗಲೇ ಅವಳ ಬಾಗಿಲಲ್ಲಿ ಬೀಡುಬಿಟ್ಟಿದ್ದ, ಅವನಿಗೆ ಕೂಗಲು ಬರುತ್ತಿತ್ತು, ಅವಳಿಗೆ ಅರ್ಥವಾಗುತ್ತಿತ್ತು.

"ನಮಗೆ ನೋವು ಹೇಳ್ಕೊಳ್ಳೋಕೆ ಬರಲ್ಲ," ಅಂದಳು ಕೆಂಚಿ. "ಕಲಿತಿದ್ದು ಮರೆಯೋಕಾಗ್ತಿಲ್ಲ. ನಿನಗೆ ಕೈ ಇದೆ. ದಿನಕ್ಕೊಂದ್ಸಲ ನಮ್ಮ ಮೈ ತಡವಿ ನೋಡ್ತೀಯಾ?"

ಹೊನ್ನಿ ಊದುಗೊಳವೆ ಕೆಳಗಿಟ್ಟಳು. "ನನಗೇನು ಬೇರೆ ಕೆಲಸ ಇಲ್ವೇನೇ? ನಿಮ್ಮನ್ನೆಲ್ಲ ಹುಡುಕ್ಕೊಂಡು ಪೊಟರೆ ಪೊಟರೆ ತಿರುಗ್ಲಾ?"

"ಬೇಡ. ನಾವೇ ಬರ್ತೀವಿ. ಬಂದು ನಿನ್ನ ಕಾಲಿಗೆ ಮೈ ಒರೆಸ್ತೀವಿ. ಬಗ್ಗಿ ಒಂದ್ಸಲ ಕೈಯಾಡಿಸು, ಸಾಕು. ಮುಟ್ಟಿದ ಕಡೆ ಮೈ ಹಿಂದಕ್ಕೆಳಕೊಂಡ್ರೆ ಅಲ್ಲಿ ನೋವಿದೆ ಅಂತ ತಿಳ್ಕೋ. ಒಂದು ದಿನ ತಿನ್ನದೆ ಮೂಲೆ ಸೇರಿದ್ರೆ, ಹಾಡ್ತಾ ಇದ್ರೂ ನಂಬಬೇಡ. ಬಲ್ಲೋರ ಹತ್ರ ಎತ್ಕೊಂಡು ಓಡು. ಆದ್ರೆ ನೀವು ನುಂಗೋ ಜ್ವರದ ಮದ್ದು ಮಾತ್ರ ನಮಗೆ ಹಾಕ್ಬೇಡ. ಅದು ನಿಮಗೆ ಮದ್ದು, ನಮಗೆ ವಿಷ."

ಹೊನ್ನಿ ಒಪ್ಪಿದಳು. ಮೊದಲ ಕೆಲವು ದಿನ ತಪ್ಪದೆ ನೋಡಿದಳು. ಆಮೇಲೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಮಗು ಅಳುತ್ತಿತ್ತು, ಕಾಲಿಗೆ ಮೈ ಒರೆಸಲು ಬಂದ ಬೆಕ್ಕನ್ನು ಪಾದದಿಂದಲೇ ಪಕ್ಕಕ್ಕೆ ಸರಿಸಿ, "ಮೀನು ಬೇಕೇನೋ ಇದಕ್ಕೆ," ಅಂದಳು. ಅವಳ ಮಕ್ಕಳೂ ಹಾಗೇ ಅಂದರು, ಮೊಮ್ಮಕ್ಕಳೂ ಹಾಗೇ ಅಂದರು. ಹಾಗೆ ಅಂದ ಮನೆಗಳಲ್ಲಿ ಎಷ್ಟು ಚುಕ್ಕರು ಮಂಚದ ಕೆಳಗೆ ಹಾಡುತ್ತಾ ಹೋದರೋ ಲೆಕ್ಕ ಇಟ್ಟವರಿಲ್ಲ.

ಬೆಕ್ಕುಗಳು ಮಾತ್ರ ಕೊಟ್ಟ ಮಾತು ತಪ್ಪಿಲ್ಲ. ಇವತ್ತು ಬೆಳಿಗ್ಗೆ ನೀನು ಶಾಲೆಗೆ ಹೊರಡುವಾಗ ಕಾಲಿಗೆ ಸುತ್ತಿಕೊಂಡು ಮೈ ಒರೆಸಿತಲ್ಲ ನಿಮ್ಮ ಮನೆ ಬೆಕ್ಕು, ಅದು ಬಂದಿದ್ದು ಆ ಹಳೇ ಕರಾರಿನಂತೆ, ನೋಡಿಸಿಕೊಳ್ಳಲು. ಬಗ್ಗಿ ಕೈಯಾಡಿಸು. ಬೆಕ್ಕು ಸಾಕಿದವರು ಯಾರಾದರೂ ಸಿಕ್ಕರೆ ಅವರಿಗೂ ಇದನ್ನು ಹೇಳು, ಯಾಕೆಂದರೆ ಬೆಕ್ಕು ತಾನಾಗಿ ಹೇಳುವುದಿಲ್ಲ.