ಮಠದ ತೂಬು

ಲೆಕ್ಕ ನೇರವಾಗಿತ್ತು. ಊರಿನ ಗೋಧಿ ರೈತರು ಹೊಲದ ತುಂಬ ನೀರು ನಿಲ್ಲಿಸುವುದನ್ನು ಬಿಟ್ಟು ತುಂತುರು ನೀರಾವರಿಗೆ ಬಂದರೆ ಕಾಲುವೆಯ ತುದಿಯ ಹೊಲಗಳಿಗೂ ನೀರು ಮುಟ್ಟುತ್ತದೆ. ಬರದಿದ್ದರೆ ಅಲ್ಲಿನ ಗೋಧಿ ಹೋದ ವರ್ಷದಂತೆ ತೆನೆ ಕಾಣದೆ ಒಣಗುತ್ತದೆ.

"ಅವರಿಗೆ ತಿಳಿವಳಿಕಿ ಇಲ್ರಿ, ಅಪ್ಪಾರ," ಎಂದ ಗುರುಪಾದ. ಮಠದ ಬೇಸಾಯವೆಲ್ಲ ಈ ಶಿಷ್ಯನ ಕೈಯಲ್ಲಿತ್ತು. "ನಾ ಹೋಗಿ ಕಲಿಸಿ ಬರ್ತೀನಿ."

"ಹೋಗು," ಎಂದರು ಗುರುಗಳು. "ಮೊದಲು ಕೇಳು."

ಊರ ಕಟ್ಟೆಯ ಮೇಲೆ ಯಂಕನಗೌಡ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಗೌಡ್ರ, ತುಂತುರು ನೀರಾವರಿ ಅಂದ್ರ ಗೊತ್ತೇನ್ರಿ?"

"ನಮ್ಮ ಪಾಳಿಗೆ ಬಂದ ಕಾಲವಿ ನೀರು ಹೊಂಡಕ್ಕ ಬಿಡಬೇಕು, ಮೋಟರ್ ಹಚ್ಚಿ ಪೈಪಿಗೆ ಎತ್ತಬೇಕು. ಬಿತ್ತಿ ಮೂರು ವಾರಕ್ಕ ಬೇರು ಒಡಿತಾವು, ಆಗಿನ ನೀರು ತಪ್ಪಬಾರದು. ಗಾಳಿ ಜೋರಿದ್ರ ಹಾರಿಸಬಾರದು. ಎರಿ ಹೊಲದಾಗ ನೀರು ನಿಂತ್ರ ಸವಳು ಏಳತೈತಿ. ಇನ್ನೇನರ ಕೇಳೂದೈತೇನ್ರಿ, ಮರಿದೇವ್ರ?"

ಗುರುಪಾದ ಕಲಿಸಲು ತಂದಿದ್ದು ಇಷ್ಟಿರಲಿಲ್ಲ.

"ಮತ್ತ... ಪೈಪು?"

"ಅಗೋ, ಹೀರಿ ಬಳ್ಳಿ ಚಪ್ಪರಕ್ಕ ಕಂಬ ಮಾಡಿ ನಿಲ್ಲಿಸೀನಿ."

"ಯಾಕ್ರಿ, ಗೌಡ್ರ!"

"ತುಂತುರಿಗೆ ಅರ್ಧ ನೀರು ಸಾಕಂತ ನಾ ಅರ್ಧ ಪಾಳಿಗೆ ತೂಬು ಮುಚ್ಚಿದ್ರ, ಕಾಲವಿ ಮ್ಯಾಲಿನವರು ತಮ್ಮ ತೂಬು ಇನ್ನಷ್ಟು ಎತ್ತತಾರ. ನನಗೂ ಹೋತು, ತುದಿಯವರಿಗೂ ಸಿಗಲಿಲ್ಲ."

"ಯಾರ್ರಿ ಅವರು, ಅಂಥಾ ಆಸೆಬುರುಕರು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗೌಡ ನಗಲಿಲ್ಲ.

"ಮಠದ ತೂಬ್ರಿ. ಹೋದ ಪಾಳಿಗೆ ನೀವ ನಿಂತು ಎತ್ತಿದ್ರಿ."

ಗುರುಪಾದ ಎತ್ತಿದ್ದು ನಿಜ. ನೀರು ಸುಮ್ಮನೆ ಹರಿದು ಹೋಗುತ್ತಿದೆ ಎಂದುಕೊಂಡಿದ್ದ.

ಮಠಕ್ಕೆ ಓಡಿ ಬಂದ. "ಅಪ್ಪಾರ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿದ್ದೇ ಕಳಿಸಿದೆ."

ಗುರುಗಳು ವೆಲ್ಡಿಂಗಿನ ದಾದಾಪೀರನನ್ನು ಕರೆಸಿದರು. ತೂಬಿನ ತಗಡನ್ನು ಅರ್ಧಕ್ಕೆ ಇಳಿಸಿ, ಮತ್ತೆ ಮೇಲೇಳದಂತೆ ಬೆಸುಗೆ ಹಾಕಿಸಿದರು. ಕಿಡಿ ಹಾರಿತು. ನೋಡಲು ಊರೇ ನೆರೆದಿತ್ತು.

"ಅಪ್ಪಾರ!" ಗುರುಪಾದ ಕೂಗಿದ. "ತೆನಿ ಒಡೆಯೋ ಹೊತ್ತಿದು! ವರ್ಷದ ದಾಸೋಹ ಈ ಗೋಧಿ ಮ್ಯಾಲೈತಿ!"

"ತುಂತುರು ನೀರಾವರಿ ನಿನಗ ಗೊತ್ತೈತಲ್ಲ?"

ಗುರುಪಾದ ತಾನೇ ಪೈಪು ಹೊತ್ತು ಮಠದ ಹೊಲಕ್ಕಿಳಿದ. ಒಂದು ಕಡೆ ಕೆಸರಾಯಿತು, ಇನ್ನೊಂದು ಕಡೆ ಹನಿಯೇ ಬೀಳಲಿಲ್ಲ. ಬದುವಿನ ಮೇಲೆ ನಿಂತು ನೋಡಿದ ಗೌಡ ಕೊನೆಗೆ ಇಳಿದು ಬಂದು ಪೈಪಿನ ಮೂತಿ ಸರಿಯಾಗಿ ತಿರುಗಿಸಿ ಕೊಟ್ಟ. ಮುಂದಿನ ಪಾಳಿಗೆ ಗೌಡನ ಹೀರೆ ಚಪ್ಪರ ನೆಲ ಕಂಡಿತು. ಪೈಪು ಹೊಲಕ್ಕೆ ಹೋದವು. ಅವನ ಹಿಂದೆಯೇ ಉಳಿದವರವೂ.

ರಾಶಿಯ ದಿನ ಗುರುಪಾದ ಸಪ್ಪೆ ಮುಖ ಮಾಡಿಕೊಂಡು ಬಂದ.

"ಎರಡು ಚೀಲ ಕಡಿಮಿ ಬಂತ್ರಿ, ಅಪ್ಪಾರ. ನಾ ಪೈಪು ಸರಿಸೂದು ಕಲಿಯೂದ್ರಾಗ ಒಂದು ಮೂಲಿ ಒಣಗಿತು."

"ಎಲ್ಲಿಂದ ಎಣಿಸಿದಿ?"

"ನಮ್ಮ ಕಣದಾಗಿಂದ್ರಿ."

"ಕಾಲವಿ ತುದಿಯಿಂದ ಎಣಿಸ್ಕೋತ ಬಾ. ಹೋದ ವರ್ಷ ಅಲ್ಲಿ ಯಾರೂ ಕಣಾನ ಮಾಡಿದ್ದಿಲ್ಲ."