ಎರವಲು ಬೆಳಕಿನ ಹೊನ್ನಿ

ನೆಲದ ಮೇಲೆ ಕೂತ ಲೇಸರ್ ದೀಪ ದ್ಯಾವಕ್ಕ ಬೆಳಕು ಬಿಟ್ಟು ತಳ್ಳಿದರೆ ಮಾತ್ರ ರಾಕೆಟ್ಟು ಹೊನ್ನಿ ಮೇಲೇರುತ್ತಿದ್ದಳು. ಆರು ಸಲ ಚಂದ್ರನಿಗೆ ಭಾರ ಹೊತ್ತು ಹೋದಳು, ಆರು ಸಲವೂ ವಾಪಸ್ಸು ಬಂದಳು. ಶೆಡ್ಡಿನ ಉಳಿದ ರಾಕೆಟ್ಟುಗಳ ಬಾಯಿಗೆ ಅದೇ ಎಲೆಅಡಿಕೆ ಆಯಿತು ನೋಡಿ.

"ನಮ್ಮ ಮನೆತನದಲ್ಲಿ ಹೋದವರು ತಿರುಗಿ ಬಂದದ್ದಿಲ್ಲ. ಒಂದೇ ಸಲ ಹಾರಿ, ಸಮುದ್ರಕ್ಕೆ ಬಿದ್ದು ಮರ್ಯಾದೆ ಉಳಿಸಿಕೊಂಡರು," ಎಂದ ತನ್ನದೇ ಎಣ್ಣೆ ಉರಿಸಿ ಹಾರುವ ರಾಕೆಟ್ಟು ಭರಮಣ್ಣ. "ನೀನೋ, ಕಂಡವರ ಬೆಳಕಲ್ಲಿ ಮೆರೆಯೋಳು!"

ಮಾತು ಹೊನ್ನಿಯ ಎದೆಗೆ ನಾಟಿತು. ಏಳನೇ ಸಲ, ಮಂಗಳಕ್ಕೆ ನೀರಿನ ಟ್ಯಾಂಕು ಹೊತ್ತವಳು ಮೋಡ ದಾಟುತ್ತಲೇ ಕೂಗಿದಳು, "ಸಾಕು ಅಕ್ಕ, ಬೆಳಕು ತೆಗಿ. ಇನ್ನು ನಾನೇ ಹೋಗ್ತೀನಿ."

ದ್ಯಾವಕ್ಕ ತೆಗೆದಳು. ಹೊನ್ನಿ ಟ್ಯಾಂಕಿನ ಸಮೇತ ಕಲ್ಲಿನ ಹಾಗೆ ಜಾರಿದಳು. "ಅಕ್ಕಾ!" ಎನ್ನುವಷ್ಟರಲ್ಲಿ ಬೆಳಕು ಬಂದು ಬೆನ್ನಿಗೆ ಆತುಕೊಂಡಿತು.

"ಬೈಯಲ್ವಾ?" ಎಂದಳು ಹೊನ್ನಿ.

"ಬೈಯೋದು ನೀನು ಬಂದ ಮೇಲೆ. ಅದಕ್ಕಾದರೂ ವಾಪಸ್ಸು ಬಾ."

ಎರಡು ವರ್ಷಕ್ಕೆ ಹೊನ್ನಿ ಬಂದಳು, ಹೊಟ್ಟೆತುಂಬ ಬೈಸಿಕೊಂಡಳು. ಮರುದಿನ ಹಾರಿ ಸಮುದ್ರಕ್ಕೆ ಬೀಳಬೇಕಿದ್ದ ಭರಮಣ್ಣ, ಆ ಬೈಗುಳವನ್ನು ಒಂದಕ್ಷರ ಬಿಡದೆ ಕೇಳುತ್ತಾ ನಿಂತಿದ್ದ.